ಬೆನ್ನು ನೋಡುವವರು ಯಾರು

ಸ್ನಾನಕ್ಕೆ ನಿಂತಾಗ ನಮ್ಮಲ್ಲಿ ಹೆಚ್ಚಿನವರು ತಮ್ಮ ಮೈಯನ್ನು ನೋಡಿಕೊಳ್ಳುವುದೇ ಇಲ್ಲ. ಕೈ ತನ್ನಷ್ಟಕ್ಕೆ ಸೋಪು ಹಚ್ಚುತ್ತದೆ, ನೀರು ಸುರಿಯುತ್ತದೆ, ಮನಸ್ಸು ಆಗಲೇ ಬಸ್ ನಿಲ್ದಾಣ ಸೇರಿರುತ್ತದೆ. ಆದರೆ ದಿನವೂ ಬೆಳಗಿನ ಬೆಳಕಿನಲ್ಲಿ ಮೈಯನ್ನು ಇಂಚಿಂಚೂ ಹುಡುಕುವವರು ಕೆಲವರಿದ್ದಾರೆ. ಮೊಣಕೈಯ ಹೊರಮಗ್ಗುಲು, ಕಣಕಾಲು, ಉಗುರಿನ ಬುಡ, ನಾಲಿಗೆಯ ಅಂಚು. ನಿನ್ನೆ ಇಲ್ಲದ ಚುಕ್ಕೆ ಇವತ್ತು ಎದ್ದಿದೆಯೇ, ಹೋದ ತಿಂಗಳ ಕಲೆ ಇನ್ನಷ್ಟು ಅಗಲವಾಯಿತೇ ಎಂಬ ಹುಡುಕಾಟ ಅದು. ಎಚ್‌ಐವಿಯೊಂದಿಗೆ ಬದುಕುತ್ತಿರುವ ಅನೇಕರ ದಿನ ಶುರುವಾಗುವುದೇ ಹೀಗೆ. ಉತ್ತರ ಕರ್ನಾಟಕದಲ್ಲಿ ಆಪ್ತಸಮಾಲೋಚಕಿಯಾಗಿ ಇಂಥವರ ಎದುರು ಕೂತು ಮಾತು ಕೇಳುತ್ತ ಬಂದವಳು ನಾನು. ರಕ್ತದ ವರದಿ ಚೀಲದಲ್ಲೇ ಇರುತ್ತದೆ. ಅವರು ಮೊದಲು ಸೆರಗು ಸರಿಸಿ, ತೋಳು ಮಡಚಿ ತೋರಿಸುವುದು ಚರ್ಮವನ್ನು. "ಅಕ್ಕಾರ, ಇದ ಹೋದ ಸಲ ಇರ್ಲಿಲ್ರೀ. ಜಡ್ಡ ಮತ್ತ ಎದ್ದೈತೇನ್ರೀ?"

ಆ ಒಂದು ಪ್ರಶ್ನೆಯ ಕೆಳಗೆ ಇನ್ನೊಂದು ಇದ್ದೇ ಇರುತ್ತದೆ, ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಇದನ್ನು ನೋಡಿದವರಿಗೆ ಗೊತ್ತಾಗಿಬಿಡುತ್ತದೆಯೇ? ರೋಗನಿರೋಧಕ ಕೋಶಗಳ ಲೆಕ್ಕವಾದ ಸಿಡಿ ಫೋರ್ ಎಷ್ಟು, ರಕ್ತದಲ್ಲಿರುವ ವೈರಸ್‌ನ ಲೆಕ್ಕವಾದ ವೈರಲ್ ಲೋಡ್ ಎಷ್ಟು ಎಂಬುದು ಕಾಗದದ ಮೇಲಿರುವ ಸಂಗತಿ, ಮಡಚಿ ಟ್ರಂಕಿನ ತಳಕ್ಕೆ ಹಾಕಬಹುದು. ಮುಖದ ಮೇಲಿನ ಕಲೆಯನ್ನು ಹಾಕುವ ಟ್ರಂಕು ಯಾವುದೂ ಇಲ್ಲ. ಹೀಗಾಗಿ ಈ ಕಾಯಿಲೆಯಲ್ಲಿ ಚರ್ಮಕ್ಕೆ ಬೇರೆ ಅಂಗಗಳಿಗಿಲ್ಲದ ಒಂದು ಭಾರ ಬಿದ್ದಿದೆ.

ಆ ಭಾರ ಬಿದ್ದದ್ದು ಕಾಯಿಲೆಗೆ ಹೆಸರಿಡುವುದಕ್ಕೂ ಮೊದಲೇ. 1981ರ ಜುಲೈ 3ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ವಾರದ ವರದಿಯಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ 26 ಗಂಡಸರ ಬಗ್ಗೆ ಬರೆಯಿತು. ಅವರ ಮೈಮೇಲೆ ಕಪೋಸಿ ಸಾರ್ಕೋಮ ಎಂಬ ನೇರಳೆ ಬಣ್ಣದ ಗಂಟುಗಳೆದ್ದಿದ್ದವು. ವಿಯೆನ್ನಾದ ಚರ್ಮವೈದ್ಯ ಮೊರಿಟ್ಸ್ ಕಪೋಸಿ 1872ರಲ್ಲೇ ವರ್ಣಿಸಿದ್ದ ಈ ರೋಗ ಅಲ್ಲಿಯವರೆಗೆ ಹೆಚ್ಚಾಗಿ ವಯಸ್ಸಾದವರ ಕಾಲಿನಲ್ಲಿ ನಿಧಾನಕ್ಕೆ ಬೆಳೆಯುವ ಅಪರೂಪದ ತೊಂದರೆ ಎನ್ನಿಸಿಕೊಂಡಿತ್ತು. ಈಗ ಅದು ಹರೆಯದವರ ಮುಖ, ಅಂಗುಳು, ಪಾದಗಳಲ್ಲಿ ಕಂಡಿತು. ಅದರ ಹಿಂದೆ ಬೇರೆಯದೇ ಒಂದು ವೈರಸ್ ಇದೆ ಎಂಬುದು ತಿಳಿದದ್ದು 1994ರಲ್ಲಿ. ಅಷ್ಟರಲ್ಲಿ ಆ ನೇರಳೆ ಕಲೆ ಏಡ್ಸ್‌ನ ಗುರುತಾಗಿ ಜಗತ್ತಿನ ಮನಸ್ಸಿನಲ್ಲಿ ಕೂತಾಗಿತ್ತು.

ಬಾಬಿ ಕ್ಯಾಂಪ್‌ಬೆಲ್ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ದಾದಿಯನ್ನು ನಾನು ಇಲ್ಲಿ ನೆನೆಯಲೇಬೇಕು. ದಾದಿಯ ಕೆಲಸದಲ್ಲಿದ್ದ ಗಂಡಸು ಆತ. 1981ರ ಸೆಪ್ಟೆಂಬರ್‌ನಲ್ಲಿ ಗುಡ್ಡ ಹತ್ತಿ ಬಂದಮೇಲೆ ಪಾದದಲ್ಲಿ ನೇರಳೆ ಚುಕ್ಕೆಗಳು ಕಂಡವು. ನಡೆದು ನಡೆದು ರಕ್ತ ಕಟ್ಟಿದ ಬೊಬ್ಬೆ ಇರಬೇಕು ಅಂದುಕೊಂಡ. ಅಕ್ಟೋಬರ್‌ನಲ್ಲಿ ಚರ್ಮವೈದ್ಯರು ಅದನ್ನು ಕಪೋಸಿ ಸಾರ್ಕೋಮ ಎಂದು ಖಚಿತಪಡಿಸಿದರು. ಆತ ಆಗ ಮಾಡಿದ ಕೆಲಸ ನೋಡಿ. ತನ್ನ ಪಾದದ ಆ ಕಲೆಗಳ ಚಿತ್ರ ತೆಗೆಸಿ, ಕ್ಯಾಸ್ಟ್ರೋ ಬೀದಿಯ ಔಷಧ ಅಂಗಡಿಯೊಂದರ ಗಾಜಿನ ಕಿಟಕಿಗೆ ಅಂಟಿಸಿದ. ಇಂಥ ಕಲೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ ಎಂದು ಬೀದಿಯಲ್ಲಿ ಹೋಗಿ ಬರುವವರಿಗೆ ಹೇಳುವುದಕ್ಕಾಗಿ. 1983ರಲ್ಲಿ ಡೆನ್ವರ್‌ನಲ್ಲಿ ಆತ ಮತ್ತು ಜೊತೆಗಾರರು ಸೇರಿ, ತಮ್ಮನ್ನು ಬಲಿಪಶುಗಳು ಎಂದು ಕರೆಯಕೂಡದು, ತಮ್ಮ ಚಿಕಿತ್ಸೆಯ ತೀರ್ಮಾನಗಳಲ್ಲಿ ತಮಗೂ ಮಾತಿರಬೇಕು ಎಂದು ಬರೆದಿಟ್ಟರು. 1984ರ ಆಗಸ್ಟ್‌ನಲ್ಲಿ, 32ನೇ ವಯಸ್ಸಿನಲ್ಲಿ, ಆತ ತೀರಿಕೊಂಡ. ಆಗ ಮದ್ದೇ ಇರಲಿಲ್ಲ. ಮೊದಲ ಮದ್ದು ಜಿಡೋವುಡಿನ್‌ಗೆ ಅನುಮತಿ ಸಿಕ್ಕಿದ್ದು 1987ರಲ್ಲಿ.

ನಮ್ಮ ದೇಶದಲ್ಲಿ ಕಪೋಸಿ ಸಾರ್ಕೋಮ ಅಪರೂಪ. ಇಲ್ಲಿಯ ಚರ್ಮದ ಕಥೆಯೇ ಬೇರೆ, ಅದು ಕಂದುಬಣ್ಣದ ಚರ್ಮದ ಕಥೆ. ಬಿಳಿಯರಲ್ಲೂ ನಮ್ಮಲ್ಲೂ ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ಮಾಡುವ ಬಣ್ಣದ ಕಣಗಳು ನಮ್ಮಲ್ಲಿ ದೊಡ್ಡವು, ಹರಡಿಕೊಂಡಂಥವು. ಚರ್ಮದಲ್ಲಿ ಎಲ್ಲಿ ಉರಿಯೂತವಾಗುತ್ತದೋ ಅಲ್ಲಿ ಈ ಬಣ್ಣ ಹೆಚ್ಚುತ್ತದೆ, ಸ್ವಲ್ಪ ಕೆಳಪದರಕ್ಕೂ ಇಳಿಯುತ್ತದೆ. ಒಲೆ ಆರಿ ಎಷ್ಟೋ ಹೊತ್ತಾದರೂ ಗೋಡೆಯ ಮಸಿ ಉಳಿಯುವಂತೆ, ಗುಳ್ಳೆ ಒಣಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಿಲ್ಲುತ್ತದೆ. ಸರ್ಪಸುತ್ತು ಬಂದುಹೋದ ಪಕ್ಕೆಯ ಮೇಲೆ ಪಟ್ಟಿಯಾಗಿ ಉಳಿಯುವ ಕಪ್ಪು ಇಂಥದ್ದೇ.

ಕೈಕಾಲಿನ ಹೊರಭಾಗದಲ್ಲಿ ತುರಿಕೆಯ ಸಣ್ಣ ಗುಳ್ಳೆಗಳು ಏಳುವುದು, ಎರಡೂ ಕಡೆ ಸಮನಾಗಿ, ಕೆರೆದು ಕೆರೆದು ಕಪ್ಪಾಗುವುದು, ಇದನ್ನು ನಾನು ಕಂಡಷ್ಟು ಬೇರೆ ಯಾವುದನ್ನೂ ಕಂಡಿಲ್ಲ. ರೋಗನಿರೋಧಕ ಶಕ್ತಿ ತೀರ ಕುಗ್ಗಿದಾಗ, ಸಿಡಿ ಫೋರ್ ಇನ್ನೂರಕ್ಕಿಂತ ಕೆಳಗಿಳಿದಾಗ ಇದು ಹೆಚ್ಚು. ಜನ ಇದನ್ನು ರಕ್ತ ಕೆಟ್ಟಿದ್ದು ಅನ್ನುತ್ತಾರೆ. ಇಂಥ ಗುಳ್ಳೆಗಳ ತುಣುಕನ್ನು ಉಗಾಂಡಾದ ರೋಗಿಗಳಿಂದ ತೆಗೆದು ಪರೀಕ್ಷಿಸಿದ ವೈದ್ಯರು 2004ರಲ್ಲಿ ಪ್ರಕಟಿಸಿದ್ದು ಬೇರೆಯೇ ಮಾತು. ಸೊಳ್ಳೆಯಂಥ ಹುಳಗಳ ಕಡಿತಕ್ಕೆ ಮೈ ಅತಿಯಾಗಿ ಕೆರಳುವುದೇ ಇದಕ್ಕೆ ಕಾರಣ ಎಂದು ಅವರು ಕಂಡುಕೊಂಡರು. ಇದನ್ನು ಹೇಳಿದಾಗ ಎದುರಿಗೆ ಕೂತವರ ಮುಖ ಬದಲಾಗುವುದನ್ನು ನೋಡಬೇಕು. ಇಷ್ಟು ದಿನ ಯಾವುದೋ ಪಾಪದ ಮುದ್ರೆ ಎಂದು ಹೊತ್ತು ತಿರುಗಿದ್ದು ಸೊಳ್ಳೆ ಕಡಿತದ ಕಲೆ! ಗುಳಿಗೆ ಕ್ರಮವಾಗಿ ನುಂಗಿ ಶಕ್ತಿ ಮರಳಿದ ಮೇಲೆ ತುರಿಕೆ ಇಳಿಯುತ್ತದೆ. ಕಲೆ ಮಾತ್ರ ಹಿಂದೆ ಉಳಿಯುತ್ತದೆ, ಇನ್ನಷ್ಟು ಕಾಲ. ಹೀಗಾಗಿ ಕಲೆಯಿದ್ದ ಮಾತ್ರಕ್ಕೆ ಕಾಯಿಲೆ ಜೋರಾಗಿದೆ ಎಂದಲ್ಲ. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದೇ ಹೋದವರ ಕಾಲಿನ ಮೇಲೂ ಹಳೆಯ ಕಲೆಗಳಿರುತ್ತವೆ.

ಇನ್ನು ಗುಳಿಗೆಗಳೇ ಬಿಟ್ಟುಹೋಗುವ ಬಣ್ಣ. ನಮ್ಮಲ್ಲಿ ಎಚ್‌ಐವಿಯ ಉಚಿತ ಚಿಕಿತ್ಸೆ, ಏಆರ್‌ಟಿ, ಶುರುವಾದದ್ದು 2004ರ ಏಪ್ರಿಲ್ 1ರಂದು. ಮೊದಲ ವರ್ಷಗಳಲ್ಲಿ ಬಹಳ ಜನರ ಪಾಲಿಗೆ ಬಂದ ಗುಳಿಗೆಗಳಲ್ಲಿ ಜಿಡೋವುಡಿನ್ ಇತ್ತು. ಅದನ್ನು ತೆಗೆದುಕೊಂಡ ಕೆಲವರ ಉಗುರಿನಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕಂದು, ಕಪ್ಪು, ನೀಲಿ ಛಾಯೆಯ ಗೆರೆಗಳು ಮೂಡುತ್ತಿದ್ದವು, ಬುಡದಿಂದ ತುದಿಯವರೆಗೆ ಉದ್ದುದ್ದ. ಕಪ್ಪು ಚರ್ಮದವರಲ್ಲಿ ಇದು ಹೆಚ್ಚು. ಕೆಲವರಿಗೆ ನಾಲಿಗೆ, ವಸಡಿನ ಮೇಲೂ ಕಪ್ಪು ಮಚ್ಚೆಗಳು. ಅಪಾಯವೇನಿಲ್ಲ, ಮದ್ದು ಬದಲಾದ ಮೇಲೆ ಹೆಚ್ಚಾಗಿ ಮಾಸುತ್ತವೆ. ಆದರೆ ನಮ್ಮ ಹಳ್ಳಿಗಳಲ್ಲಿ ನಾಲಿಗೆಯ ಮೇಲೆ ಕಪ್ಪು ಬಂದರೆ ಏನಾಗುತ್ತದೆ ಎಂಬುದು ಮದ್ದು ತಯಾರಿಸಿದವರಿಗೆ ತಿಳಿದಿರಲಾರದು. ಒಬ್ಬ ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಕಾರಣ ಕೇಳಿದಾಗ ಹೇಳಿದಳು: "ನಮ್ಮತ್ತಿ ಕರಿನಾಲಗಿ ಅಂತಾಳ್ರೀ. ಎಮ್ಮಿ ಸತ್ತದ್ದಕ್ಕೂ ನನ್ನ ನಾಲಗೀನ ಕಾರಣ ಅಂದಳು." ಜೀವ ಉಳಿಸಿದ ಗುಳಿಗೆ ಆ ಮನೆಯಲ್ಲಿ ಅವಳ ಮಾತನ್ನೇ ಅಪಶಕುನ ಮಾಡಿತ್ತು. ಅವಳಿಗೆ ನಾವು ಹೇಳಿದ್ದು ಒಂದೇ ಮಾತು: ಗುಳಿಗೆ ಮಾತ್ರ ನಿಲ್ಲಿಸಬೇಡ ತಾಯಿ, ಡಾಕ್ಟರರನ್ನು ಕೇಳೋಣ. ಇವತ್ತು ಹೆಚ್ಚಿನವರು ತೆಗೆದುಕೊಳ್ಳುವುದು ದಿನಕ್ಕೊಂದು ಟಿಎಲ್‌ಡಿ ಗುಳಿಗೆ, ಜಿಡೋವುಡಿನ್ ಇಲ್ಲದ್ದು. ಉಗುರಿನ ಆ ಗೆರೆಗಳು ಈಗ ಮೊದಲಿನಷ್ಟು ಕಾಣುವುದಿಲ್ಲ.

ಕೋಟ್ರೈಮಾಕ್ಸಜೋಲ್ ಗುಳಿಗೆಯದು ಇನ್ನೊಂದು ಬಗೆ. ಸೋಂಕು ತಗುಲದಂತೆ ಕಾಯಲು ಕೊಡುವ ಮದ್ದು ಅದು. ಒಗ್ಗದವರಿಗೆ ತುಟಿಯ ಮೇಲೋ, ಕೈಮೇಲೋ, ಗುಪ್ತಾಂಗದ ಮೇಲೋ ದುಂಡನೆಯ ಕಪ್ಪು ಕಲೆ ಎದ್ದು, ಪ್ರತಿ ಸಲವೂ ಅದೇ ಜಾಗದಲ್ಲೇ ಮರಳಿ ಕೆರಳುತ್ತದೆ. ಗುಪ್ತಾಂಗದ ಕಲೆ ನೋಡಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಸಂಶಯಿಸಿದ್ದುಂಟು. ಗುಳಿಗೆ ನುಂಗಿದ ದಿನವನ್ನೂ ಕಲೆ ಕೆರಳಿದ ದಿನವನ್ನೂ ಪಕ್ಕಪಕ್ಕ ಬರೆದಿಟ್ಟು ತೋರಿಸಿದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ಮಚ್ಚೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮಚ್ಚೆ ಎಂದರೆ ಹೆದರಿಕೆಯ ಮಾತಲ್ಲ. ಶಾಲೆಯ ಟಿಸಿಯಲ್ಲಿ ಗುರುತಿನ ಚಿಹ್ನೆ ಎಂದು ಬರೆಸುವುದು ಅದನ್ನೇ, ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ ಎಂದು. ಭುಜದ ಮೇಲಿನದು ಅದೃಷ್ಟ, ಅಂಗಾಲಿನದು ತಿರುಗಾಟ ಎಂದು ಓದುವ ಶಾಸ್ತ್ರವೇ ಇದೆ. ಎಚ್‌ಐವಿ ಇರುವವರಿಗೂ ಎಲ್ಲರಂತೆ ಮಚ್ಚೆಗಳಿರುತ್ತವೆ, ಅವುಗಳಲ್ಲಿ ಬಹುಪಾಲು ಏನೂ ಮಾಡುವುದಿಲ್ಲ. ದೇಹದ ಕಾವಲು ಸಡಿಲವಾದಾಗ, ಅಂದರೆ ಎಚ್‌ಐವಿ ಮುಂದುವರಿದಾಗ, ಅಂಗಾಂಗ ಕಸಿಯಾದ ಮೇಲೆ, ಕ್ಯಾನ್ಸರ್ ಮದ್ದಿನ ಸಮಯದಲ್ಲಿ, ಒಮ್ಮೆಲೇ ಹತ್ತಾರು ಹೊಸ ಮಚ್ಚೆಗಳು ಹುಟ್ಟಿಕೊಂಡ ಉದಾಹರಣೆಗಳನ್ನು ವೈದ್ಯರು ದಾಖಲಿಸಿದ್ದಾರೆ. ಇದು ವಿರಳ. ಮಚ್ಚೆಯನ್ನು ಹೋಲುವ ಕ್ಯಾನ್ಸರ್, ಮೆಲನೋಮ, ಬಿಳಿಯರ ದೇಶಗಳಲ್ಲಿ ಎಚ್‌ಐವಿ ಇರುವವರಲ್ಲಿ ಸ್ವಲ್ಪ ಹೆಚ್ಚು ಕಂಡಿದೆ. ಭಾರತೀಯರಲ್ಲಿ ಮೆಲನೋಮವೇ ಕಡಿಮೆ. ಆದರೆ ಬಂದಾಗ ಅದು ಅನೇಕ ಸಲ ಆರಿಸಿಕೊಳ್ಳುವುದು ಬಿಸಿಲು ಬೀಳದ ಜಾಗವನ್ನು: ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಕಂಡದ್ದು ಇದೇ. 1981ರಲ್ಲಿ, 36ನೇ ವಯಸ್ಸಿಗೆ, ಅದೇ ಅವರನ್ನು ಒಯ್ದಿತು.

ಹಾಗಾದರೆ ಯಾವುದನ್ನು ಬೇಗ ತೋರಿಸಬೇಕು? ಎರಡು ಬದಿ ಸಮನಾಗಿಲ್ಲದ್ದು, ಅಂಚು ಹರಿದಂತಿರುವುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಬೆರೆತದ್ದು, 6 ಮಿಲಿಮೀಟರ್ ದಾಟಿ ಬೆಳೆಯುತ್ತಿರುವುದು, ರಕ್ತ ಒಸರುವುದು. ಉಗುರಿನ ಮಾತು ಬೇರೆ. ಗುಳಿಗೆಯಿಂದ ಬಂದ ಗೆರೆ ಸಾಮಾನ್ಯವಾಗಿ ಹಲವು ಉಗುರುಗಳಲ್ಲಿ ಒಟ್ಟಿಗೆ ಕಾಣುತ್ತದೆ. ಒಂದೇ ಉಗುರಿನಲ್ಲಿ ಗೆರೆ ಎದ್ದು, ದಿನೇದಿನೇ ಅಗಲವಾಗಿ, ಉಗುರಿನ ಪಕ್ಕದ ಚರ್ಮಕ್ಕೂ ಕಪ್ಪು ಹರಡಿದರೆ ಕಾಯಬಾರದು. ನೇರಳೆಯೋ ಗಾಢ ಕಂದೋ ಆದ ಗಂಟು ಪಾದದಲ್ಲಿ, ಅಂಗುಳಿನಲ್ಲಿ, ಮೂಗಿನ ತುದಿಯಲ್ಲಿ ಎದ್ದರೂ ಅಷ್ಟೇ. ಮಚ್ಚೆಯೇ ಇಲ್ಲದೆ ಮೈಯೆಲ್ಲ ಕಪ್ಪಾಗುತ್ತ, ಅಂಗೈಯ ಗೆರೆಗಳೂ ವಸಡೂ ಕಪ್ಪಾಗಿ, ಸುಸ್ತು ಏರಿ ತೂಕ ಇಳಿದರೆ ಅದು ಚರ್ಮದ ಕಾಯಿಲೆಯೇ ಅಲ್ಲದಿರಬಹುದು. ಕ್ಷಯ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ತಗುಲಿದಾಗಲೂ ಮೈ ಹೀಗೆ ಕಪ್ಪಾಗುತ್ತದೆ.

ಇವೆಲ್ಲ ಹೇಳಿ ಮುಗಿಸಬಹುದಾದ ಮಾತುಗಳು. ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು.

ಒಬ್ಬಾಕೆ ಪ್ರತಿ ಸಲ ಗುಳಿಗೆಗೆ ಬರುತ್ತಿದ್ದದ್ದು ಪಕ್ಕದ ಜಿಲ್ಲೆಯಿಂದ, ಎರಡು ಬಸ್ಸು ಬದಲಿಸಿ. ತನ್ನ ಜಿಲ್ಲೆಯಲ್ಲೇ ಏಆರ್‌ಟಿ ಕೇಂದ್ರವಿತ್ತು. ಅಲ್ಲಿ ಗುರುತಿನವರು ಸಿಗುತ್ತಾರೆ ಎಂಬ ಅಂಜಿಕೆ. ಗಂಡ ತೀರಿಕೊಂಡಿದ್ದ, ಮಗ ಸೊಸೆಗೆ ವಿಷಯ ಗೊತ್ತಿಲ್ಲ, ತವರಿನಲ್ಲಿ ತಾಯಿಯಿಲ್ಲ. ಯಾವುದೋ ಮದುವೆಯಲ್ಲಿ ಊಟದ ಪಂಕ್ತಿಗೆ ಕೂತಾಗ ಹಿಂದಿದ್ದ ಹೆಂಗಸೊಬ್ಬಳು, "ಅಂಗಾಲಾಗ ಮಚ್ಚಿ ಐತಲ್ಲಬೇ, ಭಾಳ ತಿರಗಾಟ ಐತಿ ನಿನಗ" ಅಂದಳಂತೆ. ತಿರುಗಾಟವೇನೋ ನಿಜ. ಆದರೆ ಅಂಗಾಲಿನಲ್ಲಿ ಮಚ್ಚೆಯಿದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ಚರ್ಮವೈದ್ಯರ ಹತ್ತಿರ ಕರೆದೊಯ್ದೆ. ಅವರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ದಿನದಿಂದ ಇದೆ?" ಆಕೆ ನನ್ನ ಮುಖ ನೋಡಿದಳು. ಹುಟ್ಟಿನಿಂದ ಇತ್ತೋ, ಹೋದ ವರ್ಷ ಬಂತೋ, ಹೇಳಬಲ್ಲ ಒಂದು ಜೀವವೂ ಆಕೆಗಿರಲಿಲ್ಲ.

ಅವತ್ತು ಹೊಳೆದದ್ದು ಇದು. ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗಗಳು ನಮ್ಮ ಕಣ್ಣಿಗೇ ಬೀಳದವು: ಅಂಗಾಲು, ಹಿಮ್ಮಡಿ, ಬೆನ್ನು, ಕಿವಿಯ ಹಿಂದು. ಅವನ್ನು ನೋಡಲು ಇನ್ನೊಬ್ಬರ ಕಣ್ಣು ಬೇಕು. ಬೆನ್ನು ತಿಕ್ಕುವ ತಾಯಿ, ಎಣ್ಣೆ ಹಚ್ಚುವ ಅಕ್ಕ, ಪಕ್ಕದಲ್ಲಿ ಮಲಗುವ ಗಂಡ ಅಥವಾ ಹೆಂಡತಿ, ಇವರೆಲ್ಲ ಗೊತ್ತಿಲ್ಲದೆಯೇ ನಮ್ಮ ಚರ್ಮದ ಲೆಕ್ಕ ಇಟ್ಟಿರುತ್ತಾರೆ. ಕಾಯಿಲೆಯನ್ನು ಮುಚ್ಚಿಟ್ಟು ಬದುಕಬೇಕಾದವರು ಮೊದಲು ಕಳೆದುಕೊಳ್ಳುವುದು ಈ ಕಣ್ಣುಗಳನ್ನು. ಅವರು ಎಣ್ಣೆಸ್ನಾನ ಬೇಡ ಅನ್ನುತ್ತಾರೆ, ತುಂಬುತೋಳಿನ ಕುಪ್ಪಸ ಹೊಲಿಸುತ್ತಾರೆ, ಬಾಗಿಲು ಹಾಕಿ ಬಟ್ಟೆ ಬದಲಿಸುತ್ತಾರೆ. ಜನರ ನೋಟದಿಂದ ಪಾರಾಗಲು ಹೋಗಿ, ಅಕ್ಕರೆಯಿಂದ ನೋಡಬಹುದಾದವರನ್ನೂ ದೂರ ಇಟ್ಟಿರುತ್ತಾರೆ. ಇದು ಅವರ ತಪ್ಪಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಬೆನ್ನು ತಿಕ್ಕಿದರೆ ಈ ವೈರಸ್ ಹರಡುವುದಿಲ್ಲ ಎಂಬುದು ಎಷ್ಟೋ ವರ್ಷಗಳಿಂದ ಗೊತ್ತಿರುವ ಸತ್ಯ. ಗೊತ್ತಿದ್ದೂ ಲೋಟ ಬೇರೆ ಇಟ್ಟವರು ನಾವು.

ಆಸ್ಪತ್ರೆಯೂ ಈ ಅಂಜಿಕೆಗೆ ತನ್ನ ಪಾಲು ಸೇರಿಸುತ್ತದೆ. ನಮ್ಮ ದೇಶದಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಮೂರನ್ನೂ ಒಂದೇ ವಿಭಾಗ ನೋಡುತ್ತದೆ, ಬಾಗಿಲ ಮೇಲಿನ ಫಲಕದಲ್ಲಿ ಮೂರೂ ಹೆಸರುಗಳಿರುತ್ತವೆ. ಆ ಫಲಕದ ಕೆಳಗಿನ ಬೆಂಚಿನಲ್ಲಿ ಕೂತವರನ್ನು ಹಾದುಹೋಗುವವರು ಹೇಗೆ ನೋಡುತ್ತಾರೆಂದು ನಾನು ಬಲ್ಲೆ. ಸಣ್ಣದೊಂದು ಮಚ್ಚೆ ತೋರಿಸಲು ಬಂದವರು ಫಲಕ ಓದಿ ತಿರುಗಿ ಹೋದದ್ದನ್ನೂ ಕಂಡಿದ್ದೇನೆ. ಆ ಮೂರು ಹೆಸರು ಒಟ್ಟಿಗೆ ಬರೆಯಲೇಬೇಕೆಂದೇನಿಲ್ಲ. ಕೊಠಡಿಗೊಂದು ಸಂಖ್ಯೆ ಕೊಟ್ಟರೂ ಸಾಕು ಎಂಬುದು ನನ್ನ ಬಹುದಿನದ ಕೋರಿಕೆ. ಒಳಗೆ ಹೋದಮೇಲೆ ಹೇಳಬೇಕೋ ಬೇಡವೋ ಎಂಬ ತೊಳಲಾಟ ಬೇರೆ. 2017ರಲ್ಲಿ ಆದ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅವರ ಬೆನ್ನಿಗಿದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಒಪ್ಪಿಗೆಯಿಲ್ಲದೆ ಆ ವಿಷಯವನ್ನು ಯಾರಿಗೂ ತಿಳಿಸುವಂತಿಲ್ಲ. ಆದರೂ ವೈದ್ಯರ ಹತ್ತಿರ ಹೇಳಿಬಿಡಿ ಎಂದೇ ನಾನು ಅನ್ನುತ್ತೇನೆ. ಯಾವ ಗುಳಿಗೆ ನುಂಗುತ್ತಿದ್ದೀರಿ ಎಂಬುದು ತಿಳಿಯದೆ ಉಗುರಿನ ಗೆರೆಯನ್ನು ಅವರು ಹೇಗೆ ಓದಬೇಕು? ಹೇಳಲು ಧೈರ್ಯ ಸಾಲದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ ಮೊದಲು ಮಾತಾಡಿಕೊಳ್ಳಬಹುದು.

ಅಂಗಾಲಿನ ಮಚ್ಚೆಯ ಆಕೆ ವೈದ್ಯರಿಗೆ ಹೇಳಿದಳು. ವೈದ್ಯರು ಹ್ಞೂಂ ಎಂದು ಬರೆದುಕೊಂಡು, ಕಾಲನ್ನು ಸ್ಟೂಲಿನ ಮೇಲೆ ಇಡಿಸಿ, ದೀಪವಿರುವ ಪುಟ್ಟ ಭೂತಗನ್ನಡಿಯಂಥ ಡರ್ಮೋಸ್ಕೋಪ್ ಇಟ್ಟು ನೋಡಿದರು. ನನಗೂ ತೋರಿಸಿದರು. ಅಂಗಾಲಿನ ಚರ್ಮದಲ್ಲಿ ಏರು ತಗ್ಗುಗಳ ಸಾಲುಗಳಿರುತ್ತವಲ್ಲ, ನಿರುಪದ್ರವಿ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನ ಸಾಲುಗಳಲ್ಲಿ ಹರಿದಿರುತ್ತದೆ, ಮೆಲನೋಮದ್ದು ಏರಿನ ಸಾಲುಗಳ ಮೇಲೆ. ಆಕೆಯದು ತಗ್ಗಿನಲ್ಲಿತ್ತು. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದು, ಮೂರು ತಿಂಗಳಿಗೆ ಮತ್ತೆ ಬನ್ನಿ, ಬದಲಾದರೆ ಮರಗಟ್ಟಿಸಿ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು. ಈ ನಡುವೆ ಯಾರಾದರೂ ನೋಡುತ್ತಿರಲಿ ಎಂದೂ ಹೇಳಿದರು.

ಯಾರು ಎಂಬ ಪ್ರಶ್ನೆಗೆ ಉತ್ತರ ಗುಳಿಗೆಯ ಸಾಲಿನಲ್ಲೇ ಇತ್ತು. ಅದೇ ದಿನ ಬರುವ, ಅದೇ ಬಸ್ಸಿಗೆ ಕಾಯುವ ಇನ್ನೊಬ್ಬಾಕೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತು, ಮುಚ್ಚಿಡುವುದೇನಿಲ್ಲ. ಆಪ್ತಸಮಾಲೋಚನೆಯ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರ ಅಂಗಾಲು, ಬೆನ್ನು, ಕತ್ತಿನ ಹಿಂಭಾಗವನ್ನು ಇನ್ನೊಬ್ಬರು ನೋಡತೊಡಗಿದರು. ಕಂಡದ್ದನ್ನು ಗುಳಿಗೆಯ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದುಕೊಂಡರು. ಮಿಕ್ಕ ಹೆಂಗಸರೂ ಒಬ್ಬೊಬ್ಬರಾಗಿ ಸೇರಿಕೊಂಡರು. ಯಾವುದು ಸೊಳ್ಳೆಯದು, ಯಾವುದು ಹಳೆಯದು, ಯಾವುದನ್ನು ಡಾಕ್ಟರರಿಗೆ ತೋರಿಸಬೇಕು ಎಂದು ಜೋರಾಗಿಯೇ ವಾದ ನಡೆಯುತ್ತಿತ್ತು.

ಮೂರು ತಿಂಗಳಾದ ಮೇಲೆ ಇಬ್ಬರೂ ಒಟ್ಟಿಗೇ ಚರ್ಮವೈದ್ಯರ ಕೋಣೆಗೆ ಹೋದರು. ಮೊದಲಿಗಿಂತ ದೊಡ್ಡದಾಗಿದೆಯೇ ಎಂದು ಅವರು ಕೇಳಿದಾಗ ಮುಂದೆ ಬಂದು ಉತ್ತರಿಸಿದ್ದು ಗೆಳತಿ. "ಯುಗಾದಿಗಿಂತ ಮೊದ್ಲ ಎಷ್ಟಿತ್ತೋ ಈಗೂ ಅಷ್ಟ ಐತ್ರೀ ಡಾಕ್ಟ್ರ. ಪ್ರತಿ ಸಲಾನೂ ನಾನ ನೋಡೇನ್ರೀ."